ಕೌನ್ಸಿಲರ್ ರೂಮಿಗೆ ಮಕ್ಕಳು ಯಾಕೆ ಬರುವುದಿಲ್ಲ?

ಪ್ರಶ್ನೆ: ಇಪ್ಪತ್ತು ವರ್ಷ ಗಣಿತ ಕಲಿಸಿದವಳು ನಾನು. ಸಿಸ್ಟರ್‌ಗಳು ನಡೆಸುವ ನಮ್ಮ ಕಥೋಲಿಕ ಹೈಸ್ಕೂಲಿಗೆ ಈ ವರ್ಷ ಪ್ರಿನ್ಸಿಪಾಲ್ ಆಗಿದ್ದೇನೆ. ಸಿಸ್ಟರ್ ಅಲ್ಲದವರು ಈ ಕುರ್ಚಿಯಲ್ಲಿ ಕೂತಿದ್ದು ಇದೇ ಮೊದಲು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ರಿಸಲ್ಟ್ ಸ್ವಲ್ಪ ಇಳಿಯಿತು. ಶಿಸ್ತು ಸಡಿಲವಾಯಿತು ಅನ್ನುತ್ತಾರೆ ಮ್ಯಾನೇಜರ್ ಸಿಸ್ಟರ್. ಮೊದಲು ಬೆತ್ತ ಇತ್ತು, ಮಕ್ಕಳು ಓದುತ್ತಿದ್ದರು ಅನ್ನುತ್ತಾರೆ ಹಿರಿಯ ಟೀಚರ್‌ಗಳು. ವಾರಕ್ಕೆ ಎರಡು ದಿನ ಕೌನ್ಸಿಲರ್ ಬರುತ್ತಾರೆ. ಒಂದು ಮಗುವೂ ಅತ್ತ ಸುಳಿಯುವುದಿಲ್ಲ. ಕಳೆದ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ‘ನಾನು ಇಲ್ಲದಿದ್ದರೆ ಎಲ್ಲರಿಗೂ ನಿರಾಳ’ ಅಂತ ಬರೆದದ್ದು ಸಿಕ್ಕಿತು. ಕ್ಲಾಸಿಗೆ ಎರಡನೆಯವಳು ಅವಳು. ಕೇಳಲು ಹೋದರೆ ಇನ್ನೂ ಕೆದಕಿದ ಹಾಗಾಗುತ್ತದೆ, ಅವಳಿಗಾಗಿ ಪ್ರಾರ್ಥನೆ ಮಾಡೋಣ ಅಂತ ಸ್ಟಾಫ್ ರೂಮಿನಲ್ಲಿ ಮಾತಾಯಿತು. ಮಾರ್ಕ್ಸೂ ಬೇಕು, ಮಕ್ಕಳ ಮನಸ್ಸೂ ಚೆನ್ನಾಗಿರಬೇಕು. ಎಲ್ಲಿಂದ ಶುರು ಮಾಡಲಿ? ಕೌನ್ಸಿಲರ್ ಹತ್ತಿರ ಮಕ್ಕಳು ಹೇಳಿದ್ದು ಪ್ರಿನ್ಸಿಪಾಲಿಗೆ ಗೊತ್ತಾಗಬೇಕಾ, ಬೇಡವಾ?

ಉತ್ತರ: ಮೇಡಂ, ರಿಸಲ್ಟ್ ಆಮೇಲೆ. ಮೊದಲು ಆ ಹುಡುಗಿ.

ನೀವು ಪತ್ರ ಬರೆಯುವಾಗಲೇ ಆ ಸಾಲು ಸಿಕ್ಕಿ ಒಂದು ವಾರ ಆಗಿತ್ತು. ಅವಳ ಜೊತೆ ಇನ್ನೂ ಯಾರೂ ಕೂತು ಮಾತಾಡಿಲ್ಲ ಅಂದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಆ ಕೆಲಸ ಮುಗಿಸಿ ಬಂದು ಉಳಿದದ್ದು ಓದಿ. ನೀವೇ ಹೋಗಬೇಕು ಅಂತೇನಿಲ್ಲ. ಅವಳು ಯಾವ ಟೀಚರ್ ಹತ್ತಿರ ನಗುನಗುತ್ತಾ ನಿಲ್ಲುತ್ತಾಳೋ ಅವರು ಹೋಗಲಿ, ಪಿ.ಟಿ. ಟೀಚರ್ ಆದರೂ ಸರಿಯೇ. ನೋಟ್‌ಬುಕ್ಕಿನ ಸಾಲು ನೋಡಿದ್ದೇವೆ ಅಂತ ಮುಚ್ಚುಮರೆಯಿಲ್ಲದೆ ಹೇಳಲಿ. ‘ಸಾಯಬೇಕು ಅಂತ ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಲಿ. ಹೌದು ಅಂದರೆ, ಹೇಗೆ, ಯಾವಾಗ ಅಂತೆಲ್ಲ ಯೋಚನೆ ಮಾಡಿದ್ದಾಳಾ ಅಂತಲೂ ಕೇಳಲಿ. ಅಷ್ಟು ದೂರ ಹೋಗಿದ್ದರೆ ಅವಳನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಮನೆಯವರನ್ನು ಕರೆಸಿ ಅದೇ ದಿನ ಡಾಕ್ಟರ ಹತ್ತಿರ ಕಳಿಸಿ. ಅಪಾಯದ ವಸ್ತುಗಳನ್ನು ಅವಳ ಕೈಗೆ ಸಿಗದ ಹಾಗೆ ಎತ್ತಿಡಿ ಅಂತ ಮನೆಯವರಿಗೆ ಹೇಳಿ. ಅಷ್ಟು ದೂರ ಹೋಗಿಲ್ಲ ಅಂದರೂ ಮನೆಗೆ ತಿಳಿಸಬೇಕು, ಡಾಕ್ಟರಿಗೆ ತೋರಿಸಲೇಬೇಕು. ಒಂದು ಎಚ್ಚರ ಮಾತ್ರ. ತೊಂದರೆ ಮನೆಯೊಳಗಿನಿಂದಲೇ ಬರುತ್ತಿದೆಯಾ ಅಂತ ಅವಳನ್ನು ಮೊದಲು ಕೇಳಿಕೊಳ್ಳಿ. ಹೌದಾದರೆ ಮನೆಗೆ ಫೋನ್ ಮಾಡುವ ಮುಂಚೆ, ಮಕ್ಕಳ ರಕ್ಷಣೆಯ ಕಾನೂನು ಯಾರಿಗೆ ತಿಳಿಸಬೇಕು ಅನ್ನುತ್ತದೋ ಅವರಿಗೆ ತಿಳಿಸಿ.

ಕೇಳಿದರೆ ಕೆದಕಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಸಾವಿನ ಬಗ್ಗೆ ಕೇಳಿದ ಮಾತ್ರಕ್ಕೆ ಆ ಯೋಚನೆ ಹೊಸದಾಗಿ ತಲೆಗೆ ಬರುವುದಿಲ್ಲ. ಇದನ್ನು ಸಂಶೋಧಕರು ಮತ್ತೆ ಮತ್ತೆ ನೋಡಿದ್ದಾರೆ. ನನ್ನ ಅನುಭವದಲ್ಲಂತೂ ಆ ಪ್ರಶ್ನೆ ಕೇಳಿದ ತಕ್ಷಣ ಮಕ್ಕಳ ಭುಜ ಕೆಳಗಿಳಿಯುತ್ತದೆ. ಅಂತೂ ಯಾರೋ ಕೇಳಿದರಲ್ಲ ಅಂತ. ಕೇಳಲು ಭಯ ಇರುವುದು ನಮಗೆ.

ಒಳ್ಳೆ ಮಾರ್ಕ್ಸ್ ಬರುವ ಹುಡುಗಿ, ಅವಳಿಗೇನು ಕಷ್ಟ ಅಂತ ನಿಮ್ಮ ಸ್ಟಾಫ್‌ನಲ್ಲಿ ಯಾರಾದರೂ ಖಂಡಿತ ಹೇಳಿರುತ್ತಾರೆ. 10ರಿಂದ 19 ವರ್ಷದವರಲ್ಲಿ ಸುಮಾರು 7 ಜನಕ್ಕೆ ಒಬ್ಬರಿಗೆ ಮನಸ್ಸಿನ ಕಾಯಿಲೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ 42 ಮಕ್ಕಳ ಕ್ಲಾಸಿನಲ್ಲಿ ಆರು ಜನ. ಆರೂ ಜನ ಹಿಂದಿನ ಬೆಂಚಿನಲ್ಲೇ ಇರುವುದಿಲ್ಲ, ಅಲ್ವಾ? ಎರಡನೇ ರ‍್ಯಾಂಕಿನ ಮಗುವಿಗೆ ಬೇರೆಯದೇ ಒಂದು ಕಷ್ಟ ಇರುತ್ತದೆ. ಕೆಳಗೆ ಬಿದ್ದರೆ ಎಲ್ಲರಿಗೂ ಕಾಣುತ್ತದೆ, ಮೇಲೆ ಹತ್ತಿದರೂ ಹಿಂದಿನ ಸಲ ಯಾಕೆ ಹತ್ತಲಿಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ.

ಇನ್ನು ಪ್ರಾರ್ಥನೆ. ಮಾಡಬೇಡಿ ಅನ್ನುವವನು ನಾನಲ್ಲ. ನಾನೂ ಮಾಡುತ್ತೇನೆ. ಆದರೆ ನಿನ್ನ ನಂಬಿಕೆ ಸಾಲದು ಅನ್ನುವ ಅರ್ಥ ಅದರ ಜೊತೆ ಅಂಟಿಕೊಂಡು ಬಂದರೆ ಆ ಹುಡುಗಿ ನಾಳೆಯಿಂದ ಪ್ರಾರ್ಥನೆಯಲ್ಲೂ ನಟನೆ ಕಲಿಯುತ್ತಾಳೆ. ಧರ್ಮಸಭೆಯೇ, ಅಂದರೆ ಕಥೋಲಿಕ ಚರ್ಚೇ, ಹಾಗೆ ಹೇಳುವುದಿಲ್ಲ. 1992ರ ಧರ್ಮೋಪದೇಶದ ಗ್ರಂಥ ಆತ್ಮಹತ್ಯೆಯನ್ನು ತಪ್ಪು ಅನ್ನುತ್ತದೆ, ನಿಜ. ಅದೇ ಉಸಿರಲ್ಲಿ, ಮನಸ್ಸಿನ ತೀವ್ರ ಕಾಯಿಲೆ, ಸಂಕಟ, ಭಯ ಇವು ಆ ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತವೆ ಅಂತಲೂ ಒಪ್ಪಿಕೊಳ್ಳುತ್ತದೆ. ಮತ್ತೆ, ನಿಮ್ಮ ಶಾಲೆಯಲ್ಲಿ ಬೇರೆ ಧರ್ಮದ ಮಕ್ಕಳೂ ಇರುತ್ತಾರೆ. ಅವರ ಸಂಕಟಕ್ಕೆ ಜಪಮಾಲೆಯೇ ಮೊದಲ ಮದ್ದು ಅಂದರೆ ಅವರು ಎರಡನೇ ಸಲ ಬರುವುದಿಲ್ಲ.

ಈಗ ನಿಮ್ಮ ಖಾಲಿ ರೂಮಿಗೆ ಬರೋಣ. ನಿಮ್ಮ ಶಾಲೆ ನಾನು ನೋಡಿಲ್ಲ. ಆದರೂ ಒಂದು ಊಹೆ. ಕೌನ್ಸಿಲರ್ ರೂಮು ನಿಮ್ಮ ಆಫೀಸಿನ ಪಕ್ಕದಲ್ಲಿದೆ, ಇಲ್ಲವೇ ಸ್ಟಾಫ್ ರೂಮು ದಾಟಿ ಹೋಗಬೇಕು. ಬಾಗಿಲಿಗೆ ದೊಡ್ಡ ಬೋರ್ಡ್ ಇದೆ. ಹೊರಗೆ ಒಂದು ಕುರ್ಚಿ ಇದೆ. ತುಂಟಾಟ ಮಾಡಿ ಸಿಕ್ಕಿಬಿದ್ದವರೂ ಅದೇ ಕುರ್ಚಿಯಲ್ಲಿ ಕೂರುತ್ತಾರೆ, ಅಳು ಬಂದವರೂ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಹೋಮ್‌ವರ್ಕ್ ಮಾಡದವರನ್ನು ‘ಹೋಗಿ ಕೌನ್ಸಿಲರ್ ನೋಡು’ ಅಂತ ಟೀಚರ್‌ಗಳೇ ಕಳಿಸುತ್ತಾರೆ. ಇದರಲ್ಲಿ ಅರ್ಧ ನಿಜವಾದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ನಾನು ಕೌನ್ಸಿಲರ್ ಆಗಿ ಸೇರಿದ ಮೊದಲ ವರ್ಷ ಒಂದು ದೊಡ್ಡ ತಪ್ಪು ಮಾಡಿದೆ. ಹುಡುಗನೊಬ್ಬ ಅವನ ಅಪ್ಪನ ಕುಡಿತದ ಬಗ್ಗೆ ಹೇಳಿದ್ದ. ಜೀವಕ್ಕೆ ಅಪಾಯ ಇರಲಿಲ್ಲ, ಯಾರಿಗೂ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಆದರೂ ಅಲ್ಲಿನ ಪ್ರಿನ್ಸಿಪಾಲ್ ‘ಏನಾದರೂ ವಿಶೇಷ ಇದೆಯಾ’ ಅಂತ ಕೇಳಿದಾಗ ಸುಮ್ನೆ ಹೇಳಿಬಿಟ್ಟೆ. ಅವರು ಒಳ್ಳೆ ಮನಸ್ಸಿನಿಂದಲೇ ಕ್ಲಾಸ್ ಟೀಚರಿಗೆ ಹೇಳಿದರು. ಕ್ಲಾಸ್ ಟೀಚರೂ ಒಳ್ಳೆ ಮನಸ್ಸಿನಿಂದಲೇ ಹುಡುಗನ ಬೆನ್ನು ತಟ್ಟಿ ‘ನಿಮ್ಮಪ್ಪನ ವಿಷಯ ಗೊತ್ತಾಯ್ತು, ಧೈರ್ಯವಾಗಿರು’ ಅಂದರು. ಪಕ್ಕದಲ್ಲಿ ಇನ್ನೂ ನಾಲ್ಕು ಹುಡುಗರಿದ್ದರು. ಅವನು ಮತ್ತೆ ನನ್ನ ಹತ್ತಿರ ಬರಲಿಲ್ಲ. ಅವನೊಬ್ಬನೇ ಅಲ್ಲ, ಆ ವರ್ಷ ಆ ಕ್ಲಾಸಿನಿಂದ ಯಾರೂ ಬರಲಿಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ ನೋಡಿ. ಆದರೂ ಬಾಗಿಲು ಮುಚ್ಚಿತು.

ಮಗು ಬಾಯಿ ಬಿಡುವ ಮುಂಚೆ ಲೆಕ್ಕ ಹಾಕುತ್ತದೆ. ಇವರಿಗೆ ಹೇಳಿದರೆ ಇದು ಯಾರಿಗೆ ಹೋಗುತ್ತದೆ? ಅವರು ನನಗೆ ಏನು ಮಾಡಬಹುದು? ಮಾರ್ಕ್ಸ್ ಕೊಡುವವರಿಗೆ, ಟಿ.ಸಿ. ಕೊಡುವವರಿಗೆ, ಕ್ಯಾಪ್ಟನ್ ಯಾರು ಅಂತ ತೀರ್ಮಾನ ಮಾಡುವವರಿಗೆ ಹೋಗುತ್ತದೆ ಅನ್ನಿಸಿದರೆ ಮುಗಿಯಿತು. ಅದಕ್ಕೇ ನಾನು ಎಲ್ಲ ಪ್ರಿನ್ಸಿಪಾಲರಿಗೂ ಒಂದೇ ಮಾತು ಹೇಳುವುದು: ಕೇಳುವ ಕಿವಿ ಬೇರೆ ಇರಲಿ, ಅಧಿಕಾರದ ಕೈ ಬೇರೆ ಇರಲಿ.

ಇದು ಇವತ್ತಿನ ಸೈಕಾಲಜಿ ಹೊಸದಾಗಿ ಕಂಡುಹಿಡಿದದ್ದು ಅಂತ ನಿಮ್ಮ ಮ್ಯಾನೇಜರ್ ಸಿಸ್ಟರ್ ಅಂದುಕೊಂಡರೆ ಅವರದೇ ಕಾನೂನು ತೋರಿಸಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 985ನೇ ನಿಯಮ ಅಂತ ಒಂದಿದೆ. ಸೆಮಿನರಿಯ ಅಥವಾ ಬೇರೆ ಯಾವುದೇ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾದ ಪಾದ್ರಿ, ಅದೇ ಮನೆಯಲ್ಲಿ ವಾಸವಿರುವ ತಮ್ಮ ವಿದ್ಯಾರ್ಥಿಗಳ ಪಾಪನಿವೇದನೆ (ಕನ್ಫೆಷನ್) ಕೇಳಬಾರದು. ವಿದ್ಯಾರ್ಥಿಯೇ ಯಾವುದೋ ಒಂದು ಸಂದರ್ಭದಲ್ಲಿ ತಾನಾಗಿ ಕೇಳಿಕೊಂಡರೆ ಮಾತ್ರ ಸರಿ. ಯಾಕೆ? ನಾಳೆ ನನ್ನ ಭವಿಷ್ಯ ಬರೆಯುವವನ ಮುಂದೆ ಇವತ್ತು ನಾನು ಮನಸ್ಸು ಬಿಚ್ಚಲಾರೆ. ಇನ್ನೂ ಹಿಂದೆ ಹೋಗಿ ಬೇಕಾದರೆ. ಶಾಲೆ ಕಾಲೇಜು ನಡೆಸುತ್ತಿದ್ದ ಜೆಸ್ವಿತ್ ಪಾದ್ರಿಗಳ ಸಂಘದ 1599ರ ಶಿಕ್ಷಣ ನಿಯಮಾವಳಿಯಲ್ಲಿ, ಬುದ್ಧಿಮಾತಿಗೆ ಬಗ್ಗದವರನ್ನು ಶಿಕ್ಷಿಸಲು ಅವರ ಸಂಘಕ್ಕೇ ಸೇರದ ಬೇರೆಯವನನ್ನು ಇಡಬೇಕು ಅಂತಿತ್ತು. ಹೊಡೆತ ಎಲ್ಲ ಕಡೆ ಮಾಮೂಲಿಯಾಗಿದ್ದ ಕಾಲ ಅದು, ಅದನ್ನು ಸಮರ್ಥಿಸಲು ನಾನು ಹೇಳುತ್ತಿಲ್ಲ. ಪಾಠ ಹೇಳುವ ಕೈಯಲ್ಲಿ ಬೆತ್ತ ಇರಬಾರದು ಅನ್ನುವಷ್ಟು ಬುದ್ಧಿ 400 ವರ್ಷದ ಹಿಂದೆಯೇ ಇತ್ತು ಅನ್ನುವುದು ನನ್ನ ಮಾತು.

ಹಾಗಂತ ಕೌನ್ಸಿಲರ್ ಅಂದರೆ ಪಾಪನಿವೇದನೆ ಕೇಳುವ ಪಾದ್ರಿ ಅಲ್ಲ. ಇಲ್ಲಿ ಕಥೋಲಿಕ ಶಾಲೆಗಳಲ್ಲಿ ಜಾಸ್ತಿ ಗೊಂದಲ ನೋಡಿದ್ದೇನೆ. ಪಾಪನಿವೇದನೆಯ ಗುಟ್ಟನ್ನು ಪಾದ್ರಿ ಯಾವ ಕಾರಣಕ್ಕೂ ಒಡೆಯುವಂತಿಲ್ಲ. ಕೌನ್ಸಿಲರ್ ಮಾತ್ರ ಕೆಲವು ಸಲ ಒಡೆಯಲೇಬೇಕು. ಮಗುವಿನ ಜೀವಕ್ಕೆ ಅಪಾಯ ಇದ್ದಾಗ, ಅದರಿಂದ ಇನ್ನೊಬ್ಬರಿಗೆ ಅಪಾಯ ಇದ್ದಾಗ, ಯಾರಾದರೂ ಮಗುವಿನ ಮೇಲೆ ದೌರ್ಜನ್ಯ ಮಾಡುತ್ತಿದ್ದಾಗ. ಈ ಮೂರನ್ನು ಮೊದಲ ದಿನವೇ, ಮಗು ಕೂತ ತಕ್ಷಣ, ಅದರ ಭಾಷೆಯಲ್ಲಿ ಹೇಳಿಬಿಡಬೇಕು. ‘ಏನೇ ಹೇಳಿದರೂ ಯಾರಿಗೂ ಹೇಳಲ್ಲ’ ಅಂತ ಮಾತು ಕೊಟ್ಟು ಆಮೇಲೆ ಹೇಳುವುದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ. ಕೌನ್ಸಿಲರ್ ಕೆಲಸ ಮಾಡುವವರು ಸ್ವತಃ ಪಾದ್ರಿಯೋ ಸಿಸ್ಟರೋ ಆಗಿದ್ದರೆ ಇದನ್ನು ಇನ್ನೂ ಬಿಡಿಸಿ ಹೇಳಬೇಕು, ಯಾಕೆಂದರೆ ಮಗುವಿಗೆ ಎರಡೂ ಒಂದೇ ಥರ ಕಾಣುತ್ತದೆ. ದೂರು ಶಾಲೆಯ ಒಳಗಿನವರ ಮೇಲೇ ಬಂದರೆ, ಅದು ಟೀಚರ್ ಇರಲಿ, ಫಾದರ್ ಇರಲಿ, ಸಿಸ್ಟರ್ ಇರಲಿ, ಒಳಗೇ ವಿಚಾರಿಸಿ ಮುಗಿಸೋಣ ಅನ್ನುವ ಮಾತು ಬೇಡ. ಹಾಗೆ ಮುಗಿಸಲು ಹೋಗಿ ಎಷ್ಟು ಮಕ್ಕಳ ಬದುಕು ಹಾಳಾಯಿತು ಅಂತ ಜಗತ್ತಿಗೇ ಗೊತ್ತಿದೆ. ಅದನ್ನು ನೋಡಿಯೇ ಪೋಪ್ ಫ್ರಾನ್ಸಿಸ್ 2019ರಲ್ಲಿ, ಇಂಥದ್ದು ಗೊತ್ತಾದ ಪಾದ್ರಿಗಳೂ ಧರ್ಮಭಗಿನಿಯರೂ ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸಲೇಬೇಕು ಅಂತ ಕಾನೂನು ಮಾಡಿದ್ದು. ಅದರ ಜೊತೆಗೆ ದೇಶದ ಕಾನೂನು ಹೇಳಿದವರಿಗೂ ತಿಳಿಸಬೇಕು. ಒಂದು ಮಾಡಿದರೆ ಇನ್ನೊಂದು ಮಾಡಿದ ಹಾಗಲ್ಲ.

ಹಾಗಾದರೆ ರೂಮನ್ನು ಏನು ಮಾಡಬೇಕು? ಲೈಬ್ರರಿ ಪಕ್ಕಕ್ಕೋ ಆಟದ ಸಾಮಾನಿನ ಕೋಣೆ ಪಕ್ಕಕ್ಕೋ ಹಾಕಿ, ಅಂದರೆ ಮಗು ಬೇರೆ ನೆಪದಲ್ಲೂ ಹೋಗಬಹುದಾದ ಜಾಗಕ್ಕೆ. ಶಿಕ್ಷೆಯಾಗಿ ಅಲ್ಲಿಗೆ ಕಳಿಸುವುದನ್ನು ಪೂರ್ತಿ ನಿಲ್ಲಿಸಿ. ಇದರಲ್ಲೂ ಅಪಾಯ ಇದೆ. ನಮ್ಮ ಬೆನ್ನ ಹಿಂದೆ ಮಕ್ಕಳು ದೂರು ಹೇಳುತ್ತಿದ್ದಾರೆ ಅಂತ ಟೀಚರ್‌ಗಳಿಗೆ ಅನ್ನಿಸಬಹುದು. ಇನ್ನು ಕೆಲವರು ಅಳುವ ಮಗುವನ್ನು ನೋಡಿದ ಕೂಡಲೇ ಅತ್ತ ತಳ್ಳಿ ಕೈ ತೊಳೆದುಕೊಳ್ಳಬಹುದು. ವಾರಕ್ಕೆ ಎರಡು ದಿನ ಬರುವ ಒಬ್ಬರಿಂದ ಇಡೀ ಶಾಲೆಯ ದುಃಖ ಹೊರಲು ಆಗುವುದಿಲ್ಲ.

ಅದಕ್ಕೇ ನಿಜವಾದ ಕೆಲಸ ಇರುವುದು ಕ್ಲಾಸಿನಲ್ಲಿ. ಉತ್ತರ ಪತ್ರಿಕೆ ವಾಪಸ್ ಕೊಡುವ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತು ನೋಡಿ. ನಾನು ಹೋದ ಪ್ರತಿ ಶಾಲೆಯಲ್ಲೂ ಮೊದಲು ನೋಡುವುದು ಅದನ್ನೇ. ಟೀಚರ್ ಮೇಜಿನ ಮೇಲೆ ಪತ್ರಿಕೆಗಳನ್ನು ಜಾಸ್ತಿಯಿಂದ ಕಡಿಮೆಗೆ ಜೋಡಿಸಿಟ್ಟಿರುತ್ತಾರೆ. ಹೆಸರು ಕರೆದು ಮಾರ್ಕ್ಸ್ ಓದುತ್ತಾರೆ. ಮೊದಲ ಐದು ಹೆಸರಿಗೆ ಚಪ್ಪಾಳೆ. ನಡುವೆ ಸದ್ದಿಲ್ಲ. ಕಟ್ಟು ತೆಳ್ಳಗಾಗುತ್ತಾ ಬಂದ ಹಾಗೆ ಇನ್ನೂ ಹೆಸರು ಬರದವರು ತಲೆ ತಗ್ಗಿಸುತ್ತಾರೆ, ಒಬ್ಬ ಪೆನ್ನಿನ ಕ್ಯಾಪ್ ಕಚ್ಚುತ್ತಾನೆ, ಒಬ್ಬಳು ಬ್ಯಾಗಿನೊಳಗೆ ಏನನ್ನೋ ಹುಡುಕುತ್ತಲೇ ಇರುತ್ತಾಳೆ. ಕೊನೆಯ ಪತ್ರಿಕೆಯನ್ನು ಟೀಚರ್ ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ. ನಗು. ಆಮೇಲೆ ಬೆಲ್. ಯಾವ ಲೆಕ್ಕ ಯಾಕೆ ತಪ್ಪಾಯಿತು ಅಂತ ಒಂದು ನಿಮಿಷವೂ ಮಾತಾಗಲಿಲ್ಲ. ನೀವು ಗಣಿತದವರು, ನಿಮಗೆ ಹೇಳಬೇಕಾಗಿಲ್ಲ. ಇಡೀ ಟರ್ಮಿನಲ್ಲಿ ಕಲಿಕೆಗೆ ಅತಿ ಹೆಚ್ಚು ಉಪಯೋಗಕ್ಕೆ ಬರಬೇಕಾದ ಪೀರಿಯಡ್ ಅದು. ಅದನ್ನು ಅವಮಾನಕ್ಕೆ ಖರ್ಚು ಮಾಡಿದೆವು.

ಬೆತ್ತ ಇದ್ದಾಗ ಮಕ್ಕಳು ಓದುತ್ತಿದ್ದರು ಅನ್ನುವ ಮಾತು. ಇಟಲಿಯ ಪಾದ್ರಿ ಸಂತ ಡಾನ್ ಬೋಸ್ಕೋ 1877ರಲ್ಲಿ ತಮ್ಮ ಶಿಕ್ಷಣ ಕ್ರಮದ ಬಗ್ಗೆ ಒಂದು ಚಿಕ್ಕ ಬರಹ ಬರೆದರು. ಬೀದಿಯಲ್ಲಿ ಬೆಳೆದ, ಜೈಲು ಕಂಡ ಹುಡುಗರ ಜೊತೆ ಕೆಲಸ ಮಾಡಿದವರು ಅವರು. ಮೆದು ಮಾತಿನ ಮೇಷ್ಟ್ರು, ಕಷ್ಟ ಗೊತ್ತಿಲ್ಲ ಅಂತ ತಳ್ಳಿಹಾಕುವ ಹಾಗಿಲ್ಲ. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವ ಹಾಗೆ ಮೊಣಕಾಲೂರಿಸುವುದು ಇವೆಲ್ಲ ಪೂರ್ತಿ ಬಿಡಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಇನ್ನೊಂದೂ ಇದೆ, ಅದನ್ನು ನಮ್ಮವರು ಮರೆಯುತ್ತಾರೆ. ತೀರಾ ಅಪರೂಪಕ್ಕೆ ಬಿಟ್ಟರೆ, ಬೈಯುವುದಾಗಲಿ ಶಿಕ್ಷೆಯಾಗಲಿ ಎಲ್ಲರ ಮುಂದೆ ಬೇಡ, ಜೊತೆಗಾರರ ಕಣ್ಣಿಗೆ ಬೀಳದ ಹಾಗೆ ಇರಲಿ ಅಂತ. ಅಸೆಂಬ್ಲಿಯಲ್ಲಿ ಫೇಲಾದವರ ಹೆಸರು ಓದುವ ಶಾಲೆ ಹೊರಗೆ ಅವರ ಪ್ರತಿಮೆ ನಿಲ್ಲಿಸಿಕೊಂಡಿರುವುದನ್ನು ನೋಡಿದಾಗ ನನಗೆ ನಗು ಬರುತ್ತದೆ.

ಸಂಶೋಧನೆ ಏನು ಹೇಳುತ್ತದೆ ಅಂತ ಮ್ಯಾನೇಜ್‌ಮೆಂಟ್ ಕೇಳಬಹುದು. ಕಥೋಲಿಕ ಶಾಲೆಗಳ ಮಕ್ಕಳು ಯಾಕೆ ಚೆನ್ನಾಗಿ ಓದುತ್ತಾರೆ ಅಂತ ಅಮೆರಿಕದಲ್ಲಿ 1980ರ ದಶಕದಿಂದ ದೊಡ್ಡ ಚರ್ಚೆ ಇದೆ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಶುರು ಮಾಡಿದ್ದು. ಆರಿಸಿ ಸೇರಿಸಿಕೊಂಡ ಮಕ್ಕಳಲ್ವಾ, ಮುಂದೆ ಬರದೆ ಇನ್ನೇನು ಅನ್ನುವ ತಕರಾರು ಅವತ್ತಿನಿಂದಲೂ ಇದೆ, ಅದರಲ್ಲಿ ಹುರುಳೂ ಇದೆ. ಶಿಸ್ತು ಬೇಡ ಅಂತ ಕೋಲ್ಮನ್ ಎಲ್ಲೂ ಹೇಳಿಲ್ಲ. ಗಲಾಟೆಯಿಲ್ಲದ ಕ್ಲಾಸು, ಗಟ್ಟಿ ಪಾಠ ಎರಡೂ ಬೇಕು. ಆದರೆ ಮಕ್ಕಳು ಅರ್ಧಕ್ಕೆ ಶಾಲೆ ಬಿಡುವುದು ಅಲ್ಲಿ ಯಾಕೆ ಕಡಿಮೆ ಅನ್ನುವುದಕ್ಕೆ ಅವರು ತೋರಿಸಿದ್ದು ಶಾಲೆಯ ಸುತ್ತ ಇದ್ದ ಸಮುದಾಯವನ್ನು. ಅಪ್ಪ ಅಮ್ಮಂದಿರಿಗೆ ಒಬ್ಬರಿಗೊಬ್ಬರ ಪರಿಚಯ ಇರುತ್ತಿತ್ತು. ಮುಂದೆ 1993ರಲ್ಲಿ ಸಂಶೋಧಕ ಆಂಥೋನಿ ಬ್ರೈಕ್ ಮತ್ತು ಜೊತೆಗಾರರು ಇನ್ನಷ್ಟು ಹತ್ತಿರದಿಂದ ನೋಡಿದರು. ಅವರಿಗೆ ಕಂಡದ್ದು ಇದು. ಎಲ್ಲ ಮಕ್ಕಳಿಗೂ, ದಡ್ಡ ಜಾಣ ಅಂತ ವಿಂಗಡಿಸದೆ, ಒಂದೇ ಗಟ್ಟಿ ಪಾಠ. ಕ್ಲಾಸಿನ ಹೊರಗೂ ಮಗುವನ್ನು ಬಲ್ಲ ಟೀಚರ್. ಶಿಸ್ತು ಬೇರೆ, ಭಯ ಬೇರೆ ಮೇಡಂ. ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವಲ್ಲ, ತೊಂದರೆ ಅಲ್ಲಿದೆ.

ನಿಮ್ಮ ಪಾತ್ರದ ಬಗ್ಗೆಯೂ ಒಂದು ಒಳ್ಳೆ ಸುದ್ದಿ ಇದೆ. ಪ್ರಿನ್ಸಿಪಾಲ್ ಏನು ಮಾಡಿದರೆ ಮಕ್ಕಳ ಕಲಿಕೆ ಏಳುತ್ತದೆ ಅಂತ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ತಂಡ 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿತು. ಎಲ್ಲಕ್ಕಿಂತ ಹೆಚ್ಚು ಪರಿಣಾಮ ಕಂಡದ್ದು ಟೀಚರ್‌ಗಳ ಕಲಿಕೆಗೆ ಏರ್ಪಾಡು ಮಾಡಿ ತಾವೂ ಅದರಲ್ಲಿ ಕೂತು ಕಲಿಯುವ ಮುಖ್ಯಸ್ಥರಿಂದ. ನಿಮಗಿದು ಸುಲಭ. ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದವರು. ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಸರ್ಕ್ಯುಲರ್ ಓದುವುದು ಬಿಡಿ. ಹೆಸರು ಮುಚ್ಚಿದ ನಾಲ್ಕು ಉತ್ತರ ಪತ್ರಿಕೆ ಮೇಜಿನ ಮೇಲಿಟ್ಟು ‘ಈ ಮಗು ಎಲ್ಲಿ ಎಡವಿದೆ?’ ಅಂತ ಕೇಳಿ. ಪತ್ರಿಕೆ ವಾಪಸ್ ಕೊಡುವ ಹೊಸ ಕ್ರಮವನ್ನು ಮೊದಲು ನೀವೇ ಒಂದು ಕ್ಲಾಸಿನಲ್ಲಿ ಮಾಡಿ ತೋರಿಸಿ. ಪತ್ರಿಕೆ ಮಡಚಿ ಕೈಗೆ ಕೊಡಿ, ಮಾರ್ಕ್ಸ್ ಒಳಗಿರಲಿ, ತಪ್ಪಾದ ಎರಡು ಲೆಕ್ಕ ಅದೇ ಪೀರಿಯಡ್ಡಿನಲ್ಲಿ ಮತ್ತೆ ಮಾಡಿಸಿ. ಕ್ಲಾಸಿನಲ್ಲಿ ನೀವು ಹೋಗಿ ಕೂತರೆ ಇನ್‌ಸ್ಪೆಕ್ಷನ್ ಅಂತ ಹೆದರುತ್ತಾರೆ, ಅದು ಸಹಜ. ಮೊದಲ ತಿಂಗಳು ನೋಟ್‌ಬುಕ್ ಪೆನ್ನು ತಗೊಂಡು ಹೋಗಬೇಡಿ, ಅಷ್ಟೇ.

ಅಪಾಯವನ್ನೂ ಹೇಳಿಬಿಡುತ್ತೇನೆ. ರ‍್ಯಾಂಕ್ ಓದುವುದು ನಿಲ್ಲಿಸಿದರೆ ಮೊದಲು ಫೋನ್ ಬರುವುದು ಮೊದಲ ಐದು ರ‍್ಯಾಂಕಿನ ಮಕ್ಕಳ ಮನೆಯಿಂದ. ಕಾಂಪಿಟಿಷನ್ ಹೋಯಿತು ಅನ್ನುತ್ತಾರೆ. ಅವರ ಮಗುವಿನ ಸ್ಥಾನ ತಿಳಿಯಬೇಕಾದರೆ ಅವರಿಗೆ ಮಾತ್ರ ಹೇಳಿ, ಅದರಲ್ಲಿ ತಪ್ಪಿಲ್ಲ. ಒಂದೆರಡು ಟೆಸ್ಟಿನಲ್ಲಿ ಮಾರ್ಕ್ಸ್ ಇಳಿಯಲೂಬಹುದು, ಯಾಕೆಂದರೆ ಭಯಕ್ಕೆ ಓದುತ್ತಿದ್ದವರು ಭಯ ಹೋದ ಮೇಲೆ ಬೇರೆ ಕಾರಣ ಹುಡುಕಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಇದನ್ನು ಮ್ಯಾನೇಜ್‌ಮೆಂಟಿಗೆ ಮುಂಚೆಯೇ ಹೇಳಿಟ್ಟರೆ ನೀವು ಬಚಾವ್. ಆಮೇಲೆ ಹೇಳಿದರೆ ಅದು ನೆಪ ಅನ್ನಿಸಿಕೊಳ್ಳುತ್ತದೆ. ನಿದ್ದೆ ಬಗ್ಗೆಯೂ ಮನೆಯವರ ಜೊತೆ ಮಾತಾಡಿ. 13ರಿಂದ 18ರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಟ್ಯೂಷನ್, ಹೋಮ್‌ವರ್ಕ್ ಲೆಕ್ಕ ಹಾಕಿದರೆ ಎಷ್ಟು ಸಿಗುತ್ತದೆ ಅಂತ ಮಕ್ಕಳನ್ನೇ ಕೇಳಿ, ಗಾಬರಿಯಾಗುತ್ತದೆ.

ಇನ್ನು ಸಿಸ್ಟರ್ ಅಲ್ಲದ ಮೊದಲ ಪ್ರಿನ್ಸಿಪಾಲ್ ಅನ್ನುವ ನಿಮ್ಮ ಅಳುಕು. ಹಿಂದಿನವರು ಅದೇ ಕಾಂಪೌಂಡಿನಲ್ಲಿ ಇರುತ್ತಾರೆ, ಟೀಚರ್‌ಗಳು ಸಂಜೆ ಕಾನ್ವೆಂಟಿಗೆ ಹೋಗಿ ದೂರು ಹೇಳುತ್ತಾರೆ, ಬೆಳಿಗ್ಗೆ ಅದು ನಿಮಗೆ ಆದೇಶವಾಗಿ ಬರುತ್ತದೆ. ಬೇಕಾದಷ್ಟು ಕಡೆ ನೋಡಿದ್ದೇನೆ. ಇದಕ್ಕೆ ಜಗಳ ಮದ್ದಲ್ಲ. ವಾರಕ್ಕೊಂದು ನಿಗದಿತ ಹೊತ್ತು ಸಿಸ್ಟರ್ ಜೊತೆ ಕೂತು, ಯಾವ ತೀರ್ಮಾನ ಯಾರದು ಅಂತ ಬರೆದುಕೊಳ್ಳಿ. ಮಾತಾಡುವಾಗ ‘ಮಕ್ಕಳ ಸ್ಟ್ರೆಸ್’ ಅಂತ ಶುರು ಮಾಡಬೇಡಿ, ಅವರಿಗದು ನ್ಯೂಸ್ ಪೇಪರಿನ ಮಾತಿನ ಹಾಗೆ ಕೇಳುತ್ತದೆ. ಅವರ ಭಾಷೆಯಲ್ಲೇ ಮಾತಾಡಿ. ಕಥೋಲಿಕ ಶಾಲೆಯ ಪಾಠ ಆ ಪ್ರದೇಶದ ಬೇರೆ ಶಾಲೆಗಳಿಗಿಂತ ಕಡಿಮೆಯಾಗಬಾರದು ಅಂತ ಧರ್ಮಸಭೆಯ ಅದೇ ಕಾನೂನು ಸಂಹಿತೆಯ 806ನೇ ನಿಯಮ ಹೇಳುತ್ತದೆ. ರಿಸಲ್ಟ್ ಬೇಕು ಅನ್ನುವ ಅವರ ಆಸೆಗೆ ಬಲ ಅಲ್ಲಿದೆ, ಅದನ್ನು ಮೊದಲು ಒಪ್ಪಿಕೊಳ್ಳಿ. ಟೀಚರ್‌ಗಳು ಪೋಷಕರ ಮಾತನ್ನು ಮನಸ್ಸಿಟ್ಟು ಕೇಳಬೇಕು ಅಂತ 796ನೇ ನಿಯಮ ಹೇಳುತ್ತದೆ. ಡಾನ್ ಬೋಸ್ಕೋ ಮಾತನ್ನು ಆಮೇಲೆ ತೆಗೆಯಿರಿ. ಸಿಸ್ಟರ್‌ಗಳ ಧರ್ಮಸಂಘವನ್ನು ಶುರು ಮಾಡಿದವರು ಮಕ್ಕಳ ಬಗ್ಗೆ ಬರೆದದ್ದೂ ಏನಾದರೂ ಇದ್ದೇ ಇರುತ್ತದೆ, ಹುಡುಕಿ. ನಿಮ್ಮಂಥವರು ಬರುತ್ತಿರುವುದು ಬರೀ ಸಿಸ್ಟರ್‌ಗಳ ಸಂಖ್ಯೆ ಕಡಿಮೆಯಾಯಿತು ಅಂತ ಅಲ್ಲ, ಅದಕ್ಕಿಂತ ಗಟ್ಟಿ ಕಾರಣ ಇದೆ ಅಂತ 1982ರಲ್ಲೇ ವ್ಯಾಟಿಕನ್ ಬರೆದಿದೆ. ಇದನ್ನು ಅವರಿಗೆ ಹೇಳಬೇಡಿ, ನೀವು ನೆನಪಿಟ್ಟುಕೊಳ್ಳಿ.

ಇನ್ನೊಂದು ಚಿಕ್ಕ ಕೆಲಸ. 1884ರಲ್ಲಿ ಡಾನ್ ಬೋಸ್ಕೋ ರೋಮ್‌ನಿಂದ ತಮ್ಮವರಿಗೆ ಬರೆದ ಪತ್ರದಲ್ಲಿ ಒಂದು ಬೇಸರ ಇದೆ. ಆಟದ ಹೊತ್ತಿನಲ್ಲಿ ಹಿರಿಯರು ಮಕ್ಕಳ ನಡುವೆ ಕಾಣುತ್ತಿಲ್ಲ ಅಂತ. ದಿನಾ ಇಂಟರ್ವಲ್‌ನಲ್ಲಿ ಹದಿನೈದು ನಿಮಿಷ ಮೈದಾನದಲ್ಲಿ ನಿಲ್ಲಿ. ಯಾರನ್ನೂ ಬೈಯಬೇಡಿ, ಟೈ ಸರಿ ಮಾಡಿಕೋ ಅಂತಲೂ ಹೇಳಬೇಡಿ. ಯಾರು ಒಬ್ಬರೇ ನಿಂತಿದ್ದಾರೆ ಅಂತ ಎರಡು ವಾರದಲ್ಲಿ ಗೊತ್ತಾಗುತ್ತದೆ. ಯಾವ ಸರ್ವೆ ಫಾರಂನಲ್ಲೂ ಅಷ್ಟು ಸಿಗುವುದಿಲ್ಲ.

ಕೊನೇ ಪ್ರಶ್ನೆ, ಕೌನ್ಸಿಲರ್ ಹತ್ತಿರ ಹೇಳಿದ್ದು ನಿಮಗೆ ಗೊತ್ತಾಗಬೇಕಾ? ಹೆಸರು, ಕಥೆ ಬೇಡ. ತಿಂಗಳಿಗೊಂದು ಹಾಳೆ ಸಾಕು. ಎಷ್ಟು ಮಕ್ಕಳು ಬಂದರು, ಯಾವ ಕ್ಲಾಸಿನವರು ಜಾಸ್ತಿ, ಪರೀಕ್ಷೆ ಭಯವೋ ಮನೆಯ ಜಗಳವೋ ಗೆಳೆಯರ ಕಾಟವೋ ಅಂತ ಒರಟು ಲೆಕ್ಕ. ಒಂದು ಕ್ಲಾಸಿನಿಂದ ಒಬ್ಬರೇ ಬಂದಿದ್ದರೆ ಆ ಸಾಲನ್ನೂ ತೆಗೆಯಲಿ, ಯಾಕೆಂದರೆ ನೀವು ಊಹಿಸಿಬಿಡುತ್ತೀರಿ. ನಾನು ಮೇಲೆ ಹೇಳಿದ ಮೂರು ಸಂದರ್ಭಗಳಲ್ಲಿ ಮಾತ್ರ ಹೆಸರು ಸಮೇತ, ಅದೇ ಗಂಟೆಯಲ್ಲಿ, ಎದುರುಬದುರು ಕೂತು ಹೇಳಬೇಕು. ವಾಟ್ಸಾಪ್‌ನಲ್ಲಿ ಅಲ್ಲ. ದೂರು ನಿಮ್ಮ ಮೇಲೆಯೇ ಇದ್ದರೆ ಕೌನ್ಸಿಲರ್ ಯಾರ ಹತ್ತಿರ ಹೋಗಬೇಕು ಅನ್ನುವುದನ್ನೂ ಈಗಲೇ ಬರೆದಿಡಿ.